ಗೊತ್ತು ಎಂದು ಕೊಂಡ ಕಾಯಿ

ದೊಡ್ಡಾಸ್ಪತ್ರೆಯ ಮುಖ್ಯ ಅಡುಗೆಯವಳಿಗೆ ಹತ್ತೊಂಬತ್ತು ವರ್ಷಗಳಿಂದ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ; ಕೇಳುವ ಪ್ರಮೇಯವೂ ಅವಳಿಗೆ ಬಂದಿರಲಿಲ್ಲ. ಉಪ್ಪಿಲ್ಲದ ಊಟ, ಎಣ್ಣೆಯಿಲ್ಲದ ಊಟ, ಹಲ್ಲಿಲ್ಲದವರ ಊಟ, ಎಲ್ಲವೂ ನೀರು ಕುಡಿದಷ್ಟು ಸಲೀಸು. ಕೈಕೆಳಗಿನವರು ಬೆನ್ನ ಹಿಂದೆ ಅವಳನ್ನು 'ಎಲ್ಲಾಬಲ್ಲಕ್ಕ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಶನಿವಾರದ ರೈತರ ಸಂತೆಯಲ್ಲಿ, ಕೊನೆಯ ಸಾಲಿನ ಹೆಂಗಸಿನ ಬುಟ್ಟಿಯಲ್ಲಿ, ಅವಳು ಎಂದೂ ಕಾಣದ ಕಾಯಿಯೊಂದಿತ್ತು. ಮುಷ್ಟಿ ಗಾತ್ರ, ಮಾಸಲು ಹಸಿರು, ಮೀನಿನ ಹುರುಪೆಯಂತೆ ಒಂದರ ಮೇಲೊಂದು ದಪ್ಪ ಎಸಳು, ತುದಿಯಲ್ಲಿ ಸಣ್ಣ ಮುಳ್ಳು.

"ಇದು ಗೊತ್ತಾ ನಿಮಗೆ?" ಎಂದಳು, ದೊಡ್ಡಾಸ್ಪತ್ರೆಯ ಅಡುಗೆಯವಳೆಂದು ಗುರುತಿದ್ದ ಮಾರುವವಳು.

"ಗೊತ್ತಿಲ್ದೆ ಏನು."

ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಹೇಳಿದ ಮೇಲೆ ಬರಿಗೈಯಲ್ಲಿ ಹೋಗುವಂತಿಲ್ಲ. ಆರು ಕಾಯಿ ಚೀಲಕ್ಕೆ ಹಾಕಿಸಿಕೊಂಡಳು.

ಮನೆಯಲ್ಲಿ ಸಣ್ಣಗೆ ಹೆಚ್ಚಿ, ಈರುಳ್ಳಿ ಜೊತೆ ಹುರಿದು, ಮೇಲೆ ಮೆಣಸಿನ ಪುಡಿ ಉದುರಿಸಿದಳು. ಗಂಡ ಕೈಗಡಿಯಾರ ರಿಪೇರಿಯವನು, ಅವಸರವೇ ಇಲ್ಲದ ಮನುಷ್ಯ. ಮೊದಲ ತುತ್ತನ್ನು ಬಹಳ ಹೊತ್ತು ಅಗಿದ.

"ಬೆಂದಿದೆಯಾ ಇದು?"

"ಬೆಂದಿದೆ. ಅದರ ಗುಣವೇ ಹಾಗೆ."

ಅವನು ಕೆಮ್ಮಿದ. ಎದ್ದು ಹೋಗಿ ಗಡಿಯಾರದ ಚಿಮಟ ತಂದು, ನಾಲಿಗೆಯಿಂದ ನವಿರಾದ ಎಳೆಯೊಂದನ್ನು ಕಿತ್ತು ತಟ್ಟೆಯ ಅಂಚಿಗಿಟ್ಟ. "ಇದು ತರಕಾರೀನಾ, ಪೊರಕೇನಾ?"

ಅವಳೂ ಒಂದು ತುತ್ತು ತಿಂದು ನೋಡಿದಳು. ಬಾಣಲೆಯನ್ನು ಕಸದ ಬುಟ್ಟಿಗೆ ಬಗ್ಗಿಸಿದಳು.

ಮರು ಶನಿವಾರ ಆ ಸಾಲಿನ ಕಡೆ ಸುಳಿಯಬಾರದೆಂದೇ ಹೋದಳು. ಆದರೆ ಮಾರುವವಳು ದೂರದಿಂದಲೇ ಕೈಬೀಸಿದಳು. "ಬಂದ್ರಾ, ನಿಮ್ಮನ್ನೇ ಕಾಯ್ತಿದ್ದೆ." ಬುಟ್ಟಿಯ ಸುತ್ತ ನಾಲ್ಕೈದು ಹೆಂಗಸರು ನಿಂತಿದ್ದರು. "ನಾನು ಹೇಳಿದ್ದು ಇವರ ಬಗ್ಗೇನೇ. ದೊಡ್ಡಾಸ್ಪತ್ರೆ ಅಡುಗೆಯವರು. ಹೇಗೆ ಮಾಡೋದು ಅಂತ ಇವರೇ ಹೇಳ್ತಾರೆ." ಆಮೇಲೆ ದನಿ ತಗ್ಗಿಸಿದಳು. "ನಂಗೂ ಹೇಳಿ ಅಕ್ಕ. ಹೂವಿನ ಗಿಡ ಅಂತ ತಮ್ಮ ತಂದುಕೊಟ್ಟ, ನೆಟ್ಟೆ. ಇದನ್ನ ತಿಂತಾರಂತೆ. ಹೇಗೆ ತಿನ್ನೋದು ಅಂತ ಅವನಿಗೂ ಗೊತ್ತಿಲ್ಲ."

ಅಡುಗೆಯವಳು ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಇಷ್ಟು ಜನ ಮನೆಗೆ ಹೋಗಿ ಕೆಮ್ಮುತ್ತ ಕೂರುವುದು ಕಣ್ಣಿಗೆ ಕಟ್ಟಿತು.

"ನಂಗೂ ಗೊತ್ತಿಲ್ಲ," ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ಹೋದ ವಾರ ಸುಳ್ಳು ಹೇಳ್ದೆ. ಹೆಚ್ಚಿ ಹುರಿದೆ, ಬಾಯಿಗಿಡೋಕಾಗ್ಲಿಲ್ಲ."

ಯಾರೋ ಕಿಸಕ್ಕೆಂದರು. ಮಾರುವವಳು ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಯೋಚಿಸಿ, "ಇಬ್ಬರಿಗೂ ಗೊತ್ತಿಲ್ಲ ಅಂದ್ಮೇಲೆ ನೋಡೇಬಿಡೋಣ," ಎಂದಳು.

ಪಕ್ಕದ ಟೀ ಅಂಗಡಿಯವನು ಒಲೆ, ಪಾತ್ರೆ ಎರಡನ್ನೂ ಕೊಟ್ಟ. ಈ ಸಲ ಅಡುಗೆಯವಳು ಕತ್ತಿ ಮುಟ್ಟಲಿಲ್ಲ. ಎರಡು ಕಾಯಿಗಳನ್ನು ಇಡಿಯಾಗಿ ಉಪ್ಪುನೀರಲ್ಲಿ ಬೇಯಿಸಿ, ಆಗಾಗ ಒಂದು ಎಸಳನ್ನು ಎಳೆದು ನೋಡಿದಳು. ಮುಕ್ಕಾಲು ಗಂಟೆಗೆ ಎಸಳು ಸುಲಭವಾಗಿ ಕಳಚಿಬಂತು. ಅದರ ಬುಡದಲ್ಲಿ ಉಗುರಿನಷ್ಟು ತಿರುಳಿತ್ತು. ಹಲ್ಲಿನಿಂದ ಕೆರೆದು ತಿಂದಳು, ಎಲ್ಲರಿಗೂ ಒಂದೊಂದು ಕಿತ್ತುಕೊಟ್ಟಳು. ಎಸಳೆಲ್ಲ ಮುಗಿದ ಮೇಲೆ ಹತ್ತಿಯಂಥ ಕೂದಲು ಸಿಕ್ಕಿತು. ಗಂಡನ ಗಂಟಲಿಗೆ ಸಿಕ್ಕಿದ್ದು ಇದೇ. ಅದನ್ನು ಚಮಚದಿಂದ ಹೆರೆದು ತೆಗೆದರೆ ಅಡಿಯಲ್ಲಿ ಪುಟ್ಟ ಬಟ್ಟಲಿನಂಥ ಮೆತ್ತನೆಯ ತಿರುಳು.

ಟೀ ಅಂಗಡಿಯವನು ತನ್ನ ಪಾಲನ್ನು ಚಪ್ಪರಿಸಿದ. "ಚೆನ್ನಾಗಿದೆ. ಆದ್ರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು."

ಆಸ್ಪತ್ರೆಯ ಇನ್ನೂರೈವತ್ತು ಜನಕ್ಕೆ ಇದು ಆಗುವ ಮಾತಲ್ಲವೆಂದು ಅವಳಿಗೂ ಅನ್ನಿಸಿತು. ಆದರೂ ಮಾರುವವಳು ಅವಳನ್ನು ಹೋಗಲು ಬಿಡಲಿಲ್ಲ. ಅಡುಗೆಯವಳು ಇನ್ನಷ್ಟು ಕಾಯಿ ಬೇಯಿಸಿ, ಮಧ್ಯಾಹ್ನದವರೆಗೆ ಅಲ್ಲೇ ನಿಂತು, ಬಂದವರಿಗೆಲ್ಲ ಎಸಳು ಕಿತ್ತು ತೋರಿಸಿದಳು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ, "ಇಲ್ಲೇ, ಬೆಳಿಗ್ಗೆ," ಎಂದಳು. ನಿವೃತ್ತ ಮೇಷ್ಟ್ರೊಬ್ಬರು ಇದು ತರಕಾರಿಯೇ ಅಲ್ಲ, ಹೂವಿನ ಮೊಗ್ಗು ಎಂದು ವಾದಕ್ಕೇ ನಿಂತರು.

"ಇರಬಹುದು ಸರ್," ಎಂದು ಅವಳು ಒಂದು ಎಸಳನ್ನು ಅವರ ಕೈಗಿತ್ತಳು. "ಬುಡದ ಕಡೆಯಿಂದ ಕಚ್ಚಿ."