ನುಂಗಿದ ತುತ್ತಿನ ತೂಕ

ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ, ಅಂಗಳದ ಎಡಗಡೆಯ ಗ್ಯಾಲರಿಯಿಂದ, ಮೂರನೆಯ ಸಾಲೋ ನಾಲ್ಕನೆಯ ಸಾಲೋ, ಯಾರದೋ ಮಡಿಲಲ್ಲಿರುವ ಪೊಟ್ಟಣದಿಂದ — ತಿರುಗಿ ನೋಡದೆಯೇ ಹೇಳಬಲ್ಲ ರೀಡ್, ಉಪ್ಪು ಒಂಚೂರು ಜಾಸ್ತಿಯಾಗಿದೆ, ತಳದಲ್ಲಿ ಅರಳದ ಕಾಳು ಸೀದಿವೆ, ಹೊಟ್ಟೆ ಕಟ್ಟಿ ಕುಸ್ತಿ ಆಡುವವನ ಮೂಗು ಬರಬರುತ್ತಾ ನಾಯಿಯ ಮೂಗಾಗಿಬಿಡುತ್ತದೆ, ಆದರೆ ಇವತ್ತು ಆ ವಾಸನೆಗೆ ಬಾಯಲ್ಲಿ ನೀರೂರುತ್ತಿಲ್ಲ. ಈಗ ಏನು ಬೇಕಾದರೂ ತಿನ್ನಬಹುದು, ಯಾರೂ ಬೇಡ ಅನ್ನುವವರಿಲ್ಲ. ಆಗಲೇ ತೂಕದ ಯಂತ್ರದ ಮೇಲೆ ಚಡ್ಡಿಯಲ್ಲಿ ನಿಂತಿದ್ದಾಗ ಆ ಕೆಂಪು ಅಂಕಿ ಅವನ ವರ್ಗದ ಮಿತಿಯಾದ ನೂರ ನಲವತ್ತೊಂದು ಪೌಂಡನ್ನು ದಾಟಿ ಸ್ವಲ್ಪ ಆಚೆ ಹೋಗಿ ನಿಂತುಬಿಟ್ಟಿತಲ್ಲ, ಇಳಿದು, ಉಸಿರೆಲ್ಲ ಹೊರಗೆ ಬಿಟ್ಟು, ಮತ್ತೆ ಹತ್ತಿದರೂ ಅಲ್ಲೇ, ಒಂದು ಲೋಟ ನೀರಿನಷ್ಟು ಹೆಚ್ಚು, ಅಷ್ಟೇ — ಅಷ್ಟೇ ಅನ್ನುವ ಮಾತು ಕುಸ್ತಿಯಲ್ಲಿ ಇಲ್ಲ. ಕೋಚ್ ಹಾಲ್ವರ್ಸನ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು, ಅಷ್ಟರಲ್ಲಿ ಹಿಂದಿನಿಂದ ಟೆವಿನ್ ದನಿ, ನಾನು ಹತ್ತುತ್ತೀನಿ ಕೋಚ್, ಅಂದು ಅಂಗಿ ಕಳಚಿದ, ಪಕ್ಕೆಯ ಸುತ್ತ ಬಿಗಿದ ಪಟ್ಟಿಯನ್ನೂ ಬಿಚ್ಚಿ ಬೆಂಚಿನ ಮೇಲಿಟ್ಟ, ಪಟ್ಟಿಗೂ ತೂಕ ಇರುತ್ತದೆ. ಅಂಕಿ ನೂರ ನಲವತ್ತೊಂದರ ಈಚೆಗೇ ನಿಂತಿತು. ಪಕ್ಕೆಲುಬು ಬಿರುಕು ಬಿಟ್ಟು ಆಡದೆ ಕೂತವನು ನೀನು, ಹೊಟ್ಟೆ ತುಂಬಾ ಊಟ ಮಾಡ್ತಿಲ್ವೇನೋ, ಎಂದರು ಕೋಚ್. ಯಾಕೋ ತಿನ್ನೋಕೆ ಮನಸ್ಸಾಗ್ಲಿಲ್ಲ ಕೋಚ್, ಎಂದ ಟೆವಿನ್, ರೀಡ್ ಕಡೆ ನೋಡದೆ.

ಯಾಕೋ. ಆ ಯಾಕೋ ಎಂಬುದನ್ನೇ ಅಗಿಯುತ್ತಾ ಮ್ಯಾಟಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ ರೀಡ್ ಈಗ, ಒಂದೇ ಕೋಣೆಯಲ್ಲಿ ಮಲಗೇಳುವವರು ಇಬ್ಬರೂ, ಎದುರಿನ ಮಂಚದಿಂದ ಅವನು ತನ್ನನ್ನು ನೋಡಿ ಅಳೆದಿದ್ದನೇ, ಇವನು ಕೈಕೊಡುತ್ತಾನೆ ಎಂದು ಮೊದಲೇ ಗೊತ್ತಿತ್ತೇ, ಗೊತ್ತಿದ್ದೂ ಬಾಯಿ ಬಿಡದೆ ಬರೀ ಬೇಯಿಸಿದ ಮೊಟ್ಟೆಯ ಬಿಳಿ ತಿಂದು ಮಲಗುತ್ತಿದ್ದನೇ — ಸೀಟಿ, ಜನರ ಹೋ ಎಂಬ ಸದ್ದು, ಮ್ಯಾಟಿನ ಮೇಲೆ ಟೆವಿನ್ ಎದುರಾಳಿಯ ಕಾಲು ಹಿಡಿದಿದ್ದಾನೆ, ಎಡಗಾಲು, ಅವನು ಯಾವಾಗಲೂ ಎಡಗಾಲಿಗೇ ಹೋಗುವುದು, ಹಿಡಿದರೆ ಬಿಡುವವನಲ್ಲ, ಬೀಳಿಸಿದ, ಅಂಕ ಬಂತು, ಆದರೆ ಬೀಳಿಸುವಾಗ ಮುಖ ಕಿವುಚಿದ್ದನ್ನು ರೀಡ್ ಕಂಡ, ಬೇರೆ ಯಾರೂ ಕಂಡಿರಲಾರರು, ಟೆವಿನ್ ಮುಖದಲ್ಲಿ ಏನೂ ಕಾಣಿಸುವುದಿಲ್ಲ ಎಂಬುದೇ ತಾನೇ ಎಲ್ಲರ ದೂರು. ಕೀಗನ್ ಹೇಳಿದ್ದೂ ಅದನ್ನೇ. ಕೀಗನ್ ಎಂದರೆ ಕಾಲೇಜಿನ ಆಟಗಾರರಿಗೂ ಊರಿನ ಅಂಗಡಿಗಳಿಗೂ ಗಂಟುಹಾಕುವ ಕಂಪನಿಯವನು, ಜಾಹೀರಾತಿನ ಕ್ಯಾಮೆರಾ ಹಿಡಿಯುವವನೂ ಅವನೇ, ಮೊದಲ ಸಲ ಇವರ ಕೋಣೆಗೆ ಬಂದಾಗ ಫೋನಿನಲ್ಲಿ ಇಬ್ಬರ ಬೆಲೆಯನ್ನೂ ತೋರಿಸಿದ್ದ, ದೇಶದಲ್ಲೇ ಈ ತೂಕದ ಮೊದಲ ಐದು ಜನರಲ್ಲಿ ಒಬ್ಬನಾದ ಟೆವಿನ್‌ನ ಬೆಲೆ, ಅವನು ಗಾಯಗೊಂಡರೆ ಮಾತ್ರ ಮ್ಯಾಟಿಗೆ ಇಳಿಯುವ ರೀಡ್ ಡೊಲೆಜಲ್‌ನ ಬೆಲೆಯ ಕಾಲುಭಾಗವೂ ಇರಲಿಲ್ಲ. ಇದು ತಪ್ಪು ಲೆಕ್ಕ, ಎಂದಿದ್ದ ರೀಡ್, ನಿಜಕ್ಕೂ ನಾಚಿಕೆಯಾಗಿತ್ತು. ತಪ್ಪಲ್ಲ ಗುರೂ, ಮಾರುಕಟ್ಟೆ ಬೆಲೆ ಅಂದ್ರೆ ಎಷ್ಟು ಗೆದ್ದೆ ಅಂತಲ್ಲ, ನಿನ್ನ ನೋಡಿದ್ರೆ ಜನಕ್ಕೆ ಏನು ಬೇಕು ಅನ್ಸುತ್ತೆ ಅಂತ, ನಿನ್ನ ನೋಡಿದ್ರೆ ಹಸಿವಾಗುತ್ತೆ, ಇವನನ್ನ ನೋಡಿದ್ರೆ ಭಯ ಆಗುತ್ತೆ, ಭಯಾನ ಯಾರಪ್ಪ ಕೊಂಡ್ಕೋತಾರೆ. ಟೆವಿನ್ ನಕ್ಕಿದ್ದ, ಅಪರೂಪಕ್ಕೆ, ಕುಸ್ತಿಯಲ್ಲಿ ಜಜ್ಜಿ ಮುದುಡಿ ಹೂಕೋಸಾದ ತನ್ನ ಕಿವಿ ತಿಕ್ಕಿಕೊಂಡು, ಬಿಡೋ ಮಗಾ, ನಿನ್ನ ನಾಲಿಗೆಗೆ ಬೆಲೆ ಇದೆ, ನನ್ನ ಕಿವಿಗೆ ಇಲ್ಲ, ದುಡ್ಡು ಬಂದಾಗ ನಂಗೂ ಒಂದು ಜೊತೆ ಬೂಟು ಕೊಡ್ಸು.

ನಾಲಿಗೆಯೂ ಅಲ್ಲ, ಹಸಿವು. ತೂಕ ಇಳಿಸುವ ವಾರಗಳಲ್ಲಿ ನಿದ್ದೆ ಬಾರದೆ ಕಣ್ಣು ಮುಚ್ಚಿ ಊಟಗಳನ್ನು ಬಣ್ಣಿಸುತ್ತಿದ್ದ ರೀಡ್, ಅಜ್ಜಿ ಮಾಡುತ್ತಿದ್ದ ಬಾತುಕೋಳಿ ಹುರಿದದ್ದು, ಗಸಗಸೆ ತುಂಬಿದ ಬನ್ನು, ಕರಿದ ಹಂದಿಮಾಂಸದ ಚಪ್ಪಟೆ ತುಂಡು ಬ್ರೆಡ್ಡಿನ ಅಂಚು ಮೀರಿ ಹೊರಗೆ ಚಾಚಿರುವುದು, ಬೆಣ್ಣೆ ಎಲ್ಲಿ ಕರಗುತ್ತದೆ, ಹಲ್ಲಿಗೆ ಯಾವುದು ಮೊದಲು ಸಿಗುತ್ತದೆ, ಅದನ್ನು ತಮಾಷೆಗೆ ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಿದವನು ಟೆವಿನ್ನೇ, ಊರೆಲ್ಲ ನೋಡಿತು, ಆಮೇಲೆ ಊರಾಚೆಯವರೂ. ಹಸಿದವನ ಊಟ ಎಂದು ಅದಕ್ಕೆ ಹೆಸರು ಬಿತ್ತು. ಅಪ್ಪ ಫೋನಿನಲ್ಲಿ, ಊಟದ ವಿಷ್ಯ ಮಾತಾಡಿದ್ರೆ ದುಡ್ಡು ಕೊಡ್ತಾರೇನೋ, ನಾನು ಆಡೋವಾಗ ಆಟಗಾರ ಯಾರಿಂದ್ಲೂ ಏನೂ ತಗೋಬಾರ್ದು ಅಂತಿತ್ತು, ಯಾರೋ ಪುಣ್ಯಾತ್ಮ ಒಂದು ಮಾಂಸದೂಟ ಕೊಡಿಸ್ದ ಅಂತ ನಮ್ಮ ಟೀಮಿನ ಹುಡುಗನ್ನ ಎರಡು ಪಂದ್ಯ ಹೊರಗೆ ಕೂರಿಸಿದ್ರು, ನೀವು ಪುಣ್ಯವಂತರು ಬಿಡಪ್ಪ. ಅಪ್ಪ ರಸ್ತೆಯ ಹಿಮ ಗೋರುವ ಲಾರಿ ಓಡಿಸುತ್ತಾನೆ, ಇವತ್ತು ರಜೆ ಹಾಕಿ ಬಂದಿದ್ದಾನೆ, ಮಗ ಮೊದಲ ಸಲ ಸ್ವಂತ ಅಂಗಳದಲ್ಲಿ ಆಡುತ್ತಾನೆಂದು, ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದಾನೆ, ಆ ಕಡೆ ನೋಡಬಾರದು, ನೋಡುವುದಿಲ್ಲ — ಎರಡನೆಯ ಸುತ್ತು ಶುರುವಾಗಿದೆ, ಟೆವಿನ್ ಕೆಳಗೆ, ಮೊಣಕಾಲೂರಿ, ಎದುರಾಳಿ ಮೇಲಿನಿಂದ ಸೊಂಟ ಬಳಸಿ ಹಿಡಿದಿದ್ದಾನೆ, ಬಲಗೈ ಸರಿಯಾಗಿ ಮತ್ತೆ ಬಿಗಿದುಕೊಂಡ ಪಟ್ಟಿಯ ಮೇಲೆ, ಅವನಿಗೂ ಗೊತ್ತಾಗಿದೆ ಎಲ್ಲಿ ಹಿಂಡಬೇಕೆಂದು, ಯಾರಾದರೂ ಹಿಂಡುತ್ತಾರೆ, ರೀಡ್ ಆಗಿದ್ದರೂ ಹಿಂಡುತ್ತಿದ್ದ.

ಬಕೆಟ್. ಹಳದಿ ಪ್ಲಾಸ್ಟಿಕ್ ಬಕೆಟ್, ಮೇಜಿನ ಕೆಳಗೆ, ನಿನ್ನೆ ಮಧ್ಯಾಹ್ನ ಲೊರೇನ್ ಅವರ ಪಿಜ್ಜಾ ಅಂಗಡಿಯಲ್ಲಿ. ಟೆವಿನ್‌ಗೆ ಪೆಟ್ಟಾಗುವ ಮೊದಲೇ ಜಾಹೀರಾತಿಗೆ ದಿನ ಗೊತ್ತಾಗಿತ್ತು, ಸಹಿಯೂ ಆಗಿತ್ತು, ಮುಂದೆ ಹಾಕೋಕಾಗಲ್ವಾ ಎಂದರೆ ಕೀಗನ್, ನಾಳೆ ಪಂದ್ಯಕ್ಕೆ ಅಂಗಳ ತುಂಬಿರುತ್ತೆ, ದೊಡ್ಡ ಪರದೆ ಮೇಲೆ ಬರ್ಬೇಕು ಅಂತಾನೇ ಆಯಮ್ಮ ಒಪ್ಪಿದ್ದು, ಎಂದ. ಕೋಚ್ ಹೇಳಿದ್ದು ಮೂರೇ ಮಾತು, ಕಚ್ಚು, ಅಗಿ, ಉಗುಳು. ಹಾಗೇ ಮಾಡಿದ. ಹಿಂದಿನ ದಿನದಿಂದ ನೀರು ಕೂಡ ಗುಟುಕರಿಸದ ಬಾಯಿ, ಒಣಗಿ ಕಾಗದವಾದ ನಾಲಿಗೆ, ಅದರ ಮೇಲೆ ಬಿಸಿ ಚೀಸು, ಟೊಮೇಟೊದ ಹುಳಿ, ಅಂಚು ಕರಕಲಾದ ರೊಟ್ಟಿ — ಕಟ್, ಉಗುಳು, ಕೀಗನ್‌ಗೆ ಬೆಳಕು ಸರಿಯಿಲ್ಲ, ಇನ್ನೊಂದು ತುಂಡು, ಕಟ್, ಉಗುಳು, ನಗು ಬಂದಿಲ್ಲ ಗುರೂ, ಕಣ್ಣಲ್ಲಿ ಸುಖ ಬರಲಿ, ಆ ಹಸಿದವನ ಊಟದಲ್ಲಿ ಇರುತ್ತಲ್ಲ ಆ ಕಣ್ಣು ಬೇಕು, ಕಟ್, ಉಗುಳು. ದೇಹ ಉಗುಳಲು ಒಪ್ಪುತ್ತಿರಲಿಲ್ಲ, ಪ್ರತಿ ಸಲವೂ ಗಂಟಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಬೆರಳು ಹಾಕಿ ಹೊರಗೆಳೆಯಬೇಕಾಗುತ್ತಿತ್ತು. ಆಗ ಲೊರೇನ್ ಒಳಗಿನಿಂದ ಇನ್ನೊಂದು ಬಿಸಿ ತಟ್ಟೆ ಹಿಡಿದು ಬಂದರು, ಕೈಗೆಲ್ಲ ಹಿಟ್ಟು, ಹಣೆಯಲ್ಲಿ ಬೆವರು, ಬಗ್ಗಿ ಮೇಜಿನ ಮೇಲಿಡುವಾಗ ಬಕೆಟ್ ಕಂಡಿತು. ಅವರಿಗೆ ಯಾರೂ ಹೇಳಿರಲಿಲ್ಲ. ಚೆನ್ನಾಗಿಲ್ವಾ ಮರಿ, ಎಂದರು. ಚೆನ್ನಾಗಿದೆ ಅಮ್ಮಾ, ನಾಳೆ ತೂಕ ಹಾಕ್ತಾರೆ, ಅದಕ್ಕೇ. ಓ, ಎಂದರು, ಹೌದಲ್ಲ, ನಂಗೆ ಹೊಳೀಲೇ ಇಲ್ಲ ನೋಡು, ಎಂದು ನಕ್ಕರು, ನಕ್ಕು ಬಕೆಟ್ಟನ್ನು ಕಾಲಿನಿಂದ ಒಂಚೂರು ಒಳಗೆ ತಳ್ಳಿದರು, ಬೀದಿಯಲ್ಲಿ ಹೋಗುವವರಿಗೆ ಕಾಣದ ಹಾಗೆ, ಆಮೇಲೆ ಮೆಲ್ಲಗೆ, ಹಿಟ್ಟು ಅಮ್ಮ ನಾದಿದ್ದು, ಮೂರು ಗಂಟೆಗೇ ಎದ್ದು, ಅವರಿಗೆ ಹೇಳ್ಬೇಡ ಅಷ್ಟೇ. ಗೋಗರೆಯಲಿಲ್ಲ, ಚುಚ್ಚಲಿಲ್ಲ, ಬಟ್ಟೆ ತಂದು ಮೇಜು ಒರೆಸಿದರು. ಒಳಗೆ ಅಡುಗೆಮನೆಯಲ್ಲಿ ಮುದುಕಿ ಗಾಲಿಕುರ್ಚಿಯಲ್ಲಿ ಕೂತು ಇತ್ತಲೇ ನೋಡುತ್ತಿದ್ದಳು, ಅವಳ ಕಡೆಯಿಂದ ಬಕೆಟ್ ಕಾಣುತ್ತಿರಲಿಲ್ಲ, ಅಗಿಯುವ ಬಾಯಿ ಮಾತ್ರ ಕಾಣುತ್ತಿತ್ತು.

ಅದಕ್ಕೇ ನುಂಗಿದೆ ಎಂದು ಹೇಳಿಕೊಳ್ಳಬಹುದು. ಹೇಳಿಕೊಂಡೂ ಇದ್ದಾನೆ, ರಾತ್ರಿಯಿಂದ, ತಿಂದದ್ದನ್ನು ಬೆವರಾಗಿ ಇಳಿಸಲು ಹಬೆಕೋಣೆಯಲ್ಲಿ, ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಸೈಕಲ್ ತುಳಿಯುವಾಗ, ಬೆವರು ನಿಂತುಹೋಗಿ ಚರ್ಮ ಬರೀ ಸುಡುವಾಗ, ಆ ಮುದುಕಿಯ ಮರ್ಯಾದೆಗೆ ನುಂಗಿದೆ, ಲೊರೇನ್ ಒರೆಸಿದ ರೀತಿಗೆ ನುಂಗಿದೆ — ಒಂದು ತುತ್ತು, ಸರಿ, ಒಂದು ತುತ್ತಿಗೆ ಆ ಮಾತು ನಡೆಯುತ್ತದೆ. ಆಮೇಲಿನದಕ್ಕೆ? ಆ ಒಂದು ತುತ್ತು ಒಳಗೆ ಬಿದ್ದ ಕೂಡಲೇ ಕಿವಿ ಮುಚ್ಚಿಹೋಯಿತು, ಕೀಗನ್ ಹಾಂ ಇದೇ ಇದೇ ನಿಲ್ಲಿಸ್ಬೇಡ ಎನ್ನುತ್ತಿದ್ದುದು ದೂರದಲ್ಲೆಲ್ಲೋ ಕೇಳಿತು, ಇಡೀ ತುಂಡು ಹೋಯಿತು, ಎರಡನೆಯದೂ ಹೋಯಿತು, ಮೂರನೆಯದನ್ನು ಯಾರೂ ಕೊಟ್ಟಿರಲಿಲ್ಲ, ತಾನೇ ಕೈ ಚಾಚಿ ತೆಗೆದುಕೊಂಡ, ಕ್ಯಾಮೆರಾ ನಿಂತ ಮೇಲೂ ತಿಂದ, ಟೆವಿನ್ ನೆನಪಾಗಲಿಲ್ಲ, ಅಪ್ಪ ನೆನಪಾಗಲಿಲ್ಲ, ನಾಳೆ ಎಂಬುದೇ ಇರಲಿಲ್ಲ, ಅಷ್ಟು ಸುಖವಾಗಿತ್ತು. ಕೋಣೆಗೆ ಬಂದಾಗ ಟೆವಿನ್ ಮಂಚದ ಮೇಲೆ ಕೂತು ಮೊಟ್ಟೆ ಸುಲಿಯುತ್ತಿದ್ದ. ಹೇಗಾಯ್ತೋ, ಎಂದ. ಸುಸ್ತು ಕಣೋ, ಎಂದ ರೀಡ್. ಅವನು ಹಳದಿ ತೆಗೆದು ಪಕ್ಕಕ್ಕಿಟ್ಟ, ಬಿಳಿ ತಿಂದ, ಇನ್ನೇನೂ ಕೇಳಲಿಲ್ಲ, ಬಾಯಿಂದ ಟೊಮೇಟೊ ವಾಸನೆ ಬಂದಿರಬೇಕು.

ಸೀಟಿ. ಕೊನೆಯ ಸುತ್ತು, ಟೆವಿನ್ ಒಂದು ಅಂಕ ಮುಂದಿದ್ದಾನೆ, ಮುಂದಿದ್ದೂ ಎದ್ದೇಳುತ್ತಿಲ್ಲ, ಮಂಡಿಯೂರಿ ಹಣೆಯನ್ನು ಮ್ಯಾಟಿಗೆ ಒತ್ತಿ ಕೂತಿದ್ದಾನೆ, ರೆಫರಿ ಕೈ ಅಡ್ಡ ಹಿಡಿದು ಗಾಯದ ವಿರಾಮ ಕೊಟ್ಟ, ಡಾಕ್ಟರು ಓಡಿದರು, ಕೋಚ್ ಓಡಿದರು, ರೀಡ್ ಎದ್ದು ನಿಂತ, ಎದ್ದವನಿಗೆ ಹೋಗಲು ಜಾಗವಿಲ್ಲ, ಮತ್ತೆ ಕೂತ. ಖಾಲಿ ಹೊತ್ತನ್ನು ತುಂಬಬೇಕಲ್ಲ, ಮೇಲೆ ತೂಗುಹಾಕಿದ ಪರದೆ ಬೆಳಗಿತು, ಸಂಗೀತ ಬಂತು, ಅಂಗಳದ ಜನರೆಲ್ಲ ಮೇಲೆ ನೋಡಿದರು, ಅವನೇ, ಲಾರಿಯಷ್ಟು ದೊಡ್ಡವನಾಗಿ, ಲೊರೇನ್ ಅಂಗಡಿಯ ಮೇಜಿನಲ್ಲಿ. ಜನ ಚಪ್ಪಾಳೆ ತಟ್ಟಿದರು, ಪ್ರೀತಿಯಿಂದಲೇ, ಹೇ ಡೊಲೆಜಲ್, ನಮಗೂ ಒಂದು ತುಂಡು ಇಡೋ, ಎಂದು ಯಾರೋ ಕೂಗಿದ. ಆ ಕಡೆ ಲೊರೇನ್ ತಾಯಿಯ ಗಾಲಿಕುರ್ಚಿಯ ಪಕ್ಕ ನಿಂತು ಬಗ್ಗಿ, ನೋಡಮ್ಮ, ನೋಡು, ಎಂದು ಬೆರಳು ತೋರಿಸುತ್ತಿದ್ದಾರೆ. ಕೆಳಗೆ ಡಾಕ್ಟರು ಆಗುವುದಿಲ್ಲವೆಂದು ತಲೆಯಾಡಿಸಿದರು. ನಿಲ್ಲಿಸ್ಬೇಡಿ, ಎಂದು ಟೆವಿನ್ ಅವರ ಕೈ ಹಿಡಿದುಕೊಂಡ, ಒಂದೇ ನಿಮಿಷ ಡಾಕ್ಟ್ರೇ, ಒಂದೇ ನಿಮಿಷ ಉಳಿದಿರೋದು. ಅವರು ಮತ್ತೆ ತಲೆಯಾಡಿಸಿದರು. ರೆಫರಿ ಎದುರಾಳಿಯ ಕೈ ಎತ್ತಿದ. ಈ ವರ್ಷ ಮುಗಿಯಿತು, ಟೆವಿನ್‌ಗೆ ಇದು ಕಾಲೇಜಿನ ಕೊನೆಯ ವರ್ಷ, ಹಾಗಾಗಿ ಎಲ್ಲ ಮುಗಿಯಿತು, ರೀಡ್‌ಗೆ ಅದು ಅರ್ಥವಾಗಲು ಕೋಚ್ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡದ್ದನ್ನು ನೋಡಬೇಕಾಯಿತು. ಟೆವಿನ್ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ನಡೆದು ಬಂದ, ಬೇರೆ ಕುರ್ಚಿಗಳು ಖಾಲಿಯಿದ್ದವು, ರೀಡ್ ಪಕ್ಕದಲ್ಲೇ ಕೂತ, ಉಸಿರನ್ನು ತುಂಡು ತುಂಡಾಗಿ ಎಳೆದುಕೊಳ್ಳುತ್ತಿದ್ದ. ಟೆವಿನ್ ಪರದೆಯನ್ನು ನೋಡುತ್ತಿದ್ದ. ಚೆನ್ನಾಗಿತ್ತೇನೋ, ಎಂದ. ದನಿಯಲ್ಲಿ ಕೋಪವಿರಲಿಲ್ಲ, ಹಸಿದವನು ಕೇಳುವ ಹಾಗೆ ಕೇಳಿದ. ಹೂಂ, ಎಂದ ರೀಡ್. ಟೆವಿನ್ ತಲೆಯಾಡಿಸಿದ. ಮುಂದಿನ ಜೋಡಿ ಮ್ಯಾಟಿಗೆ ಇಳಿದಿದೆ, ಪರದೆ ಆರಿಸಲು ಯಾರಿಗೂ ನೆನಪಿಲ್ಲ, ಸದ್ದು ಮಾತ್ರ ತೆಗೆದಿದ್ದಾರೆ, ಚಿತ್ರ ಮುಗಿದು ಮತ್ತೆ ಮೊದಲಿನಿಂದ ಬರುತ್ತಿದೆ, ಆ ಬಾಯಿ ಕಚ್ಚುತ್ತದೆ, ಚೀಸು ನೂಲಾಗಿ ಎಳೆಯುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ದವಡೆ ಮೇಲೆ, ಕೆಳಗೆ, ಮೇಲೆ, ಗಂಟಲಿನ ಗಂಟು ಇಳಿಯುತ್ತದೆ, ಮತ್ತೆ ಕಚ್ಚುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ದವಡೆ ಮೇಲೆ, ಕೆಳಗೆ, ಗಂಟು ಇಳಿಯುತ್ತದೆ, ಮತ್ತೆ ಆ ದವಡೆ —