ಪರದೆಯಲ್ಲಿ ಏನು ಕಾಣ್ತಿದೆ?

ಆ ಕಂಪ್ಯೂಟರನ್ನು ಎತ್ತಿ ಕಾಲುವೆಗೆ ಬಿಸಾಡಬೇಕು ಎಂದು ನನಗೆ ಅನ್ನಿಸಿದ್ದು ಒಂದೆರಡು ಸಲವಲ್ಲ. ನಾವು ಗೌರವದಿಂದ ಪಾಕ್ ಎಂದು ಕರೆಯುವ ಹಿರಿಯರು ಮರ್ಗಿಯೊನೊ ಅವರ ಮನೆಯ ಹಿಂದೆಯೇ ಮಾತಾರಾಮ್ ಕಾಲುವೆ. ಹಿತ್ತಲಲ್ಲಿ ನಿಂತು ಬೀಸಿದರೆ ನೇರ ನೀರಿಗೆ ಬೀಳುತ್ತಿತ್ತು. ಬೀಸಲಿಲ್ಲ, ಯಾಕೆಂದರೆ ಅದನ್ನು ಅಲ್ಲಿ ತಂದಿಟ್ಟವಳು ನಾನೇ. ಅದರಲ್ಲಿ ಲಿನಕ್ಸ್ ಹಾಕಿ ಕುಣಿಸಿಬಿಡುತ್ತೇನೆ ಎಂದು ಜಂಬ ಕೊಚ್ಚಿದವಳೂ ನಾನೇ.

ಪಾಕ್ ಮರ್ಗಿ ಜಾವಾದ ನಮ್ಮೂರು ಯೋಗ್ಯದ ಒಂದು ಜಾವಾನೀ ವಾರಪತ್ರಿಕೆಯಲ್ಲಿ ಓದುಗರ ಹಾಡಿನ ಪುಟ ನೋಡಿಕೊಳ್ಳುತ್ತಿದ್ದರು. ಹಳ್ಳಿಗಳಿಂದ ಜನ ಹಳೆಯ ಮಟ್ಟುಗಳಲ್ಲಿ ಪದ ಕಟ್ಟಿ ಕಳಿಸುವರು. ಸಂಜೆ ಹೆಂಡತಿ ಬು ವಾರ್ಸಿ ಅವನ್ನು ಓದಿ ಹೇಳುವರು, ಇವರು ಗುನುಗಿ ನೋಡಿ, ಮಟ್ಟು ತಪ್ಪಿದಲ್ಲಿ ತಿದ್ದಿ, ಟೈಪ್‌ರೈಟರಿನಲ್ಲಿ ಹೊಡೆದು ಕೊಡುವರು. ನಾನು ಹುಟ್ಟುವ ಮೊದಲಿಂದಲೂ ಇದೇ ಪದ್ಧತಿ. ರುಪಿಯಾದ ಬೆಲೆ ಬಿದ್ದುಹೋದ ವರ್ಷ ಪತ್ರಿಕೆಗೆ ಹರ್ಲಂಬಾಂಗ್ ಎಂಬ ಹೊಸ ಮ್ಯಾನೇಜರ್ ಬಂದ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದ ಟೈಪಿಸ್ಟನನ್ನು ಮನೆಗೆ ಕಳಿಸಿದ. ಇನ್ನು ಮುಂದೆ ಎಲ್ಲರೂ ತಮ್ಮ ತಮ್ಮ ಪುಟವನ್ನು ಫ್ಲಾಪಿಯಲ್ಲೇ ಕೊಡಬೇಕು, ಕೊಡಲಾಗದಿದ್ದರೆ ಆ ಜಾಗದಲ್ಲಿ ರಾಶಿಫಲ ಬರುತ್ತದೆ ಎಂದ. ರಾಶಿಫಲ!

ಪಾಕ್ ಮರ್ಗಿಯವರ ಕಣ್ಣಲ್ಲಿ ಸ್ವಲ್ಪ ಮಂಜು ಎಂದು ನನಗೆ ಗೊತ್ತಿತ್ತು. 'ಸ್ವಲ್ಪ' ಎಂದವರು ಅವರೇ. ದೊಡ್ಡ ಅಕ್ಷರ ಇದ್ದರೆ ಸಾಕು ಎಂದರು. ಬರೀ ಅಕ್ಷರದ ಪರದೆಯಲ್ಲಿ ಅಕ್ಷರ ಇದ್ದಷ್ಟೇ ಇರುತ್ತದೆ, ಇರುವೆ ಸಾಲಿನ ಹಾಗೆ. ಗ್ರಾಫಿಕ್ಸ್ ಬಂದರೆ ಬೇಕಾದಷ್ಟು ದೊಡ್ಡದು ಮಾಡಬಹುದು. ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಗುಜರಿಗೆ ಹಾಕಿದ ಒಂದು ಯಂತ್ರವಿತ್ತು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸೀಡಿ ಇತ್ತು. ಕಳ್ಳ ಸೀಡಿ ಮುಟ್ಟುವುದಿಲ್ಲ ಎಂಬ ನನ್ನ ಹಟವೂ ಇತ್ತು. ಇನ್ನೇನು ಬೇಕು ಹಾಳಾಗಲಿಕ್ಕೆ?

ಆ ಯಂತ್ರ ನೇರ ಸೀಡಿಯಿಂದ ಏಳದು, ಮೊದಲು ಫ್ಲಾಪಿಯಿಂದ ಎಬ್ಬಿಸಬೇಕು. ಮೊದಲ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಎರಡನೆಯದು ಕರಕರ ಎಂದು ಅರ್ಧ ದಾರಿ ಹೋಗಿ ನಿಂತಿತು. ಮೂರನೆಯದರಲ್ಲಿ ಹೇಗೋ ಎಲ್ಲ ಇಳಿಯಿತು ಎಂದು ನಿಟ್ಟುಸಿರು ಬಿಟ್ಟು ಯಂತ್ರವನ್ನು ಮತ್ತೆ ಶುರು ಮಾಡಿದರೆ, ಪರದೆಯ ಮೂಲೆಯಲ್ಲಿ ಎರಡೇ ಎರಡು ಅಕ್ಷರ: LI. LILO ಎಂದು ನಾಲ್ಕಕ್ಷರ ಬಂದರೆ ಲಿನಕ್ಸ್ ಏಳುತ್ತದೆ. ಇದು ಎರಡಕ್ಕೇ ಬಿಕ್ಕಳಿಸಿ ನಿಂತಿತ್ತು. ಡಿಸ್ಕಿನ ಅಳತೆ ಯಂತ್ರಕ್ಕೆ ಅರ್ಥವಾಗಿಲ್ಲ ಎಂದು ಅದರ ಅರ್ಥ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕೊನೆಗೆ ಪ್ರತಿ ಸಲವೂ ಫ್ಲಾಪಿ ಹಾಕಿಯೇ ಶುರು ಮಾಡುವಂತೆ ಏರ್ಪಾಡು ಮಾಡಿದೆ.

"ತುಂಬ ಚೆನ್ನಾಗಿದೆ ಮ್ಬಾಕ್" ಎಂದರು ಪಾಕ್ ಮರ್ಗಿ.

"ಏನು ಚೆನ್ನಾಗಿದೆ ಪಾಕ್? ಇನ್ನೂ ಏನೂ ಬಂದೇ ಇಲ್ಲ."

"ಇಂಗ್ಗಿಹ್, ಇಂಗ್ಗಿಹ್."

ಅವರು ಹಾಗೆಯೇ. ಬೀದಿ ಬೆಕ್ಕಿಗೂ ಬಹುವಚನ. ಮಗಳ ವಯಸ್ಸಿನ ನನ್ನನ್ನೂ 'ಮ್ಬಾಕ್ ಪ್ರಾಪ್ತಿ' ಎಂದು ಅಕ್ಕನೆಂದೇ ಕರೆದು, ಹಿರಿಯರಿಗೆ ಬಳಸುವ ಮೇಲ್ಮಟ್ಟದ ಜಾವಾನೀಯಲ್ಲೇ ಮಾತಾಡುವರು. ಏನು ಕೇಳಿದರೂ 'ಇಂಗ್ಗಿಹ್', ಅಂದರೆ ಹೌದು. ಎದುರಿನವರ ಮುಖ ಮುರಿಯಬಾರದು ಎಂದು ನಮ್ಮನ್ನೆಲ್ಲ ಬೆಳೆಸಿರುವುದೇ ಹಾಗೆ. ಆದರೆ ಅವರದು ಅತಿಯಾಯಿತು. ಕೋಲೆ ಬಸವನಾದರೂ ಒಮ್ಮೊಮ್ಮೆ ಅಡ್ಡಡ್ಡ ತಲೆಯಾಡಿಸುತ್ತದೆ.

ಮುಂದಿನದು ಗ್ರಾಫಿಕ್ಸ್, ಅಂದರೆ ನರಕ. ಪರದೆಗೆ ಚಿತ್ರ ಕಳಿಸುವ ನಿನ್ನ ಕಾರ್ಡು ಯಾವುದು ಎಂದು ಲಿನಕ್ಸ್ ಕೇಳಿತು. ಕಾರ್ಡಿನ ಚಿಪ್ ಮೇಲೆ ಚೀಟಿ ಅಂಟಿತ್ತು, ಅದರಲ್ಲಿದ್ದ ಹೆಸರು ಹೇಳಿದೆ. ಮಾನಿಟರ್ ಸೆಕೆಂಡಿಗೆ ಎಷ್ಟು ಗೆರೆ ಎಳೆಯಬಲ್ಲದು ಎಂದು ಕೇಳಿತು. ನನಗೇನು ಗೊತ್ತು? ಅದರ ಪುಸ್ತಕ ಯಾವ ಕಾಲದಲ್ಲೋ ಕಡಲೆಕಾಯಿ ಕಟ್ಟಲು ಹೋಗಿರಬೇಕು. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರ್ ಸುಟ್ಟುಹೋಗಬಹುದು ಎಂದು ಎಚ್ಚರಿಕೆ ಬೇರೆ. ಅಂದಾಜಿನ ಮೇಲೆ ಒಂದು ಕೊಟ್ಟೆ. ಪರದೆ ಕಪ್ಪಾಗಿ, ಒಳಗಿಂದ ಸಣ್ಣಗೆ ಸಿಳ್ಳೆ ಕೇಳಿಸಿತು. ಗಾಬರಿಬಿದ್ದು ಮೂರು ಕೀಲಿ ಒಟ್ಟಿಗೆ ಒತ್ತಿ ನಿಲ್ಲಿಸಿದೆ. ಇನ್ನೊಂದು ಕೊಟ್ಟೆ, ಮತ್ತೆ ಸಿಳ್ಳೆ. ಅಷ್ಟರಲ್ಲಿ ಇಡೀ ಕಾಂಪುಂಗಿನ, ಅಂದರೆ ಕೇರಿಯ, ಕರೆಂಟೇ ಹೋಯಿತು.

ಮಾರನೆಯ ದಿನದಿಂದ ಲ್ಯಾಬಿನಲ್ಲಿ ಪರೀಕ್ಷೆಗಳು. ಬರಲು ಬಿಡುವಿಲ್ಲ. ಹಾಗಾಗಿ ಕರೆಂಟು ಬಂದ ಮೇಲೆ ಒಂದು ಉಪಾಯ ಮಾಡಿದೆ. ಬೇರೆ ಬೇರೆ ಸಂಖ್ಯೆ ತುಂಬಿದ ಹಲವು ಪ್ರಯೋಗಗಳನ್ನು ಬರೆದಿಟ್ಟೆ. ಅವರು 'ಚೊಬಾ', ಅಂದರೆ 'ಪ್ರಯತ್ನಿಸು', ಎಂದು ಟೈಪ್ ಮಾಡಿ ಪಕ್ಕದಲ್ಲಿ ಒಂದು ಅಂಕೆ ಒತ್ತಿದರೆ ಆಯಿತು. ಏನು ಕಂಡಿತೆಂದು ಫೋನಿನಲ್ಲಿ ಹೇಳಬೇಕು. ಟೈಪಿಂಗಿನಲ್ಲಿ ಅವರು ನಿಪುಣರು, ಬೆರಳು ತಾನಾಗಿ ಓಡುತ್ತಿತ್ತು.

"ಪಾಕ್, ಒಂದನೇದು ಒತ್ತಿ. ಸಿಳ್ಳೆ ಬಂತಾ?"

"ಇಂಗ್ಗಿಹ್, ಬಂತು."

"ನಿಲ್ಸಿ ನಿಲ್ಸಿ! ಎರಡನೇದು?"

"ಬಂತು ಮ್ಬಾಕ್."

"ಮೂರು... ನಾಲ್ಕು... ಈಗ ಐದನೇದು. ಸಿಳ್ಳೆ ಇಲ್ಲ ತಾನೇ? ಬೂದು ಬಣ್ಣದ ಪರದೆ, ನಡುವೆ X ಥರ ಸಣ್ಣದೊಂದು ಕತ್ತರಿ ಗುರುತು, ಕಾಣ್ತಿದೆ ಅಲ್ವಾ?"

ಅವರ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. "ಇಂಗ್ಗಿಹ್."

ನಾನು ಲ್ಯಾಬಿನಲ್ಲೇ ಕುಣಿದುಬಿಟ್ಟೆ. "ಈಗ ದೊಡ್ಡ ಅಕ್ಷರದ ಕಿಟಕಿ ಬರತ್ತೆ ನೋಡಿ. ಬಂತಾ? ಸ್ಪಷ್ಟವಾಗಿದೆಯಾ?"

"ಇಂಗ್ಗಿಹ್ ಮ್ಬಾಕ್, ಸ್ಪಷ್ಟವಾಗಿದೆ. ನಿಮಗೆ ಎಷ್ಟು ತೊಂದರೆ ಕೊಟ್ಟೆ."

ಆ ವಾರ ಪಾಕ್ ಮರ್ಗಿ ಪುಟ ಟೈಪ್ ಮಾಡಿದರು. ಒಂದು ಕೀಲಿ ಒತ್ತಿದರೆ ಫ್ಲಾಪಿಗೆ ಇಳಿಯುವಂತೆ ನಾನು ಮೊದಲೇ ಮಾಡಿಟ್ಟಿದ್ದೆ. ಬೆರಿಂಗ್‌ಹರ್ಜೊ ಪೇಟೆಯಲ್ಲಿ ಬಾಟಿಕ್ ಬಟ್ಟೆ ಮಾರುವ ಬು ವಾರ್ಸಿ, ಅಂಗಡಿಗೆ ಹೋಗುವ ದಾರಿಯಲ್ಲಿ ಅದನ್ನು ಪತ್ರಿಕೆಯ ಕಚೇರಿಗೆ ಕೊಟ್ಟು ಹೋದರು. ಮಧ್ಯಾಹ್ನ ಹರ್ಲಂಬಾಂಗ್ ನನಗೇ ಫೋನ್ ಮಾಡಿದ.

"ಮ್ಬಾಕ್ ಪ್ರಾಪ್ತಿ, ಇದು ಯಾವ ಭಾಷೆ? ಮೊದಲ ನಾಲ್ಕು ಸಾಲು ಜಾವಾನೀ. ಆಮೇಲೆ ಪೂರ್ತಿ ಭೂತ ಬಡ್ಕೊಂಡಂಗಿದೆ. ನಿಮ್ಮ ಪುಕ್ಕಟೆ ಲಿನಕ್ಸು ಹಾಡು ಕಟ್ಟೋಕೆ ಶುರು ಮಾಡಿದೆಯೋ ಏನೋ?"

"ಕೀಲಿಮಣೆ ಹೊಂದಾಣಿಕೆ ತಪ್ಪಿರತ್ತೆ. ಸರಿ ಮಾಡ್ತೀನಿ ಮಾಸ್" ಎಂದೆ. ಮಾಸ್ ಎಂದರೆ ಅಣ್ಣ, ಬರೀ ಮರ್ಯಾದೆಗೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬುಧವಾರದೊಳಗೆ ಸರಿಯಾದ ಪುಟ ಬರ್ಲಿಲ್ಲ ಅಂದ್ರೆ ರಾಶಿಫಲದವರಿಗೆ ಮಾತು ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಮೈಯೆಲ್ಲ ಉರಿಯಿತು. ಲ್ಯಾಬಿನಲ್ಲಿ ಕೂತು ಕೀಲಿಮಣೆಯ ಕಡತವನ್ನೆಲ್ಲ ಜಾಲಾಡಿದೆ. ಎಲ್ಲ ಸರಿಯಾಗಿಯೇ ಇತ್ತು. ಹಾಗಿದ್ದರೆ ನಾಲ್ಕು ಸಾಲಿನ ನಂತರ ಯಂತ್ರಕ್ಕೆ ದೆವ್ವ ಹೊಕ್ಕಿತೆ? ಶನಿವಾರ ಪರೀಕ್ಷೆ ಮುಗಿದದ್ದೇ ಬೈಕು ಹತ್ತಿ ಅವರ ಮನೆಗೆ ಹೋದೆ.

"ಪಾಕ್, ದಿನಾ ಹೇಗೆ ಶುರು ಮಾಡ್ತೀರೋ ಹಾಗೇ ಮಾಡಿ ತೋರ್ಸಿ."

ಅವರು ಫ್ಲಾಪಿ ತೂರಿಸಿದರು, ಚೊಬಾ ಎಂದು ಟೈಪ್ ಮಾಡಿ ಐದು ಒತ್ತಿದರು. ಬೂದು ಪರದೆಯೂ ಇಲ್ಲ, ಕತ್ತರಿ ಗುರುತೂ ಇಲ್ಲ. ಅಡ್ಡಡ್ಡ ಹರಿದ ಪಟ್ಟೆಗಳು ಮೇಲಿಂದ ಕೆಳಕ್ಕೆ ಉರುಳುತ್ತಿದ್ದವು. ಒಂದು ಅಕ್ಷರವನ್ನೂ ಓದುವಂತಿರಲಿಲ್ಲ. ಪಾಕ್ ಮರ್ಗಿ ಅದರ ಮುಂದೆ ನೆಟ್ಟಗೆ ಕೂತು, ಕೈ ಕೀಲಿಮಣೆಯ ಮೇಲಿಟ್ಟು, ಮುಗುಳ್ನಕ್ಕರು.

"ಅಯ್ಯೋ ದೇವರೇ, ಇಡೀ ವಾರ ಇದರ ಮುಂದೇನಾ ಟೈಪ್ ಮಾಡಿದ್ದು?"

"ಇಂಗ್ಗಿಹ್."

"ಮತ್ತೆ ಸ್ಪಷ್ಟವಾಗಿದೆ ಅಂದ್ರಲ್ಲ!"

"ನೀವು ಅಷ್ಟು ಸಂತೋಷದಲ್ಲಿದ್ರಿ ಮ್ಬಾಕ್" ಎಂದರು, ಮೆಲ್ಲಗೆ.

ಹಿರಿಯರ ಮೇಲೆ ಕೂಗಾಡುವಂತಿಲ್ಲ. ಹಾಗಾಗಿ ಕಂಪ್ಯೂಟರಿನ ಮೇಲೆ ಕೂಗಾಡಿದೆ. ಅದರ ಮುಚ್ಚಳ ಕಿತ್ತು ಕಾರ್ಡು ಹೊರಗೆಳೆದೆ. ಬು ವಾರ್ಸಿ ಅಡುಗೆಮನೆಯಿಂದ ಕರಿದ ಸೋಯಾ ಟೆಂಪೆಯ ತಟ್ಟೆ ಹಿಡಿದು ಬಂದು, "ಬೈದರೆ ರಿಪೇರಿ ಆಗತ್ತಾ ಅದು? ಹಂಗಾದ್ರೆ ನಾನೂ ಎರಡು ಬೈತೀನಿ ತಾಳು" ಎಂದರು. ಅವರ ಚಾಕು ಇಸಿದುಕೊಂಡು ಚಿಪ್ ಮೇಲಿನ ಚೀಟಿ ಕೆರೆದೆ. ಕೆಳಗೆ ಬೇರೆಯೇ ಹೆಸರು! ಯಾವನೋ ಬಿಡಿಭಾಗ ಜೋಡಿಸುವವನು ಅಗ್ಗದ ಚಿಪ್ ಮೇಲೆ ದೊಡ್ಡ ಹೆಸರಿನ ಚೀಟಿ ಅಂಟಿಸಿದ್ದ, ನಾನು ಅದನ್ನೇ ನಂಬಿ ಇಷ್ಟು ದಿನ ತಲೆ ಚಚ್ಚಿಕೊಂಡಿದ್ದೆ. ನಿಜವಾದ ಹೆಸರು ಕೊಟ್ಟು ಮತ್ತೆ ಶುರು ಮಾಡಿದೆ. ಪರದೆ ಒಮ್ಮೆ ಟಕ್ ಎಂದಿತು, ಚಿತ್ರ ಅಲುಗದೆ ನಿಂತಿತು. ದೊಡ್ಡ ಅಕ್ಷರದ ಕಿಟಕಿ ತೆರೆದು, ಅವರು ಟೈಪ್ ಮಾಡಿದ್ದ ಹಾಡನ್ನೇ ಹಾಕಿದೆ.

"ಈಗ ಕಾಣ್ತಿದೆಯಾ ಪಾಕ್?"

"ಇಂಗ್ಗಿಹ್, ತುಂಬ ಸ್ಪಷ್ಟವಾಗಿದೆ."

ಆದರೆ ಒಂದು ಸಲ ಸುಟ್ಟ ನಾಲಿಗೆ ಮಜ್ಜಿಗೆಯನ್ನೂ ಊದುತ್ತದೆ. "ಹಾಗಾದ್ರೆ ಮೊದಲ ಪದ ಓದಿ" ಎಂದೆ.

ಅವರ ಕೈ ಕೀಲಿಮಣೆಯ ಮೇಲೆ ಸರಿದು, ಇರಬೇಕಾದ ಜಾಗದಿಂದ ಒಂದು ಕೀಲಿ ಬಲಕ್ಕೆ ಹೋಗಿ ಕೂತಿತು. ಅವರಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು. ನಾಲ್ಕು ಸಾಲು ಟೈಪ್ ಮಾಡಿ ಟೀ ಲೋಟ ಹುಡುಕಲು ಕೈ ತೆಗೆದಿರಬೇಕು, ಮತ್ತೆ ಇಟ್ಟಾಗ ಒಂದು ಕೀಲಿ ಆಚೆ ಇಟ್ಟಿರಬೇಕು. ದೆವ್ವ ಹೊಕ್ಕಿದ್ದು ಯಂತ್ರಕ್ಕಲ್ಲ.

"ಹೇಳ್ರೀ ಇನ್ನಾದ್ರೂ" ಎಂದರು ಬು ವಾರ್ಸಿ. "ಮೊನ್ನೆ ನೀರಿನ ಹಂಡೆಗೆ 'ಬನ್ನಿ ಕೂತ್ಕೊಳ್ಳಿ' ಅಂದ್ರು ಪ್ರಾಪ್ತಿ. ಯಾರಿಗೂ ಹೇಳಬೇಡ ಅಂತ ನನ್ನ ಬಾಯಿ ಕಟ್ಟಿಹಾಕಿದಾರೆ. ಪುಟ ಹೋಗಿಬಿಡತ್ತಂತೆ."

ನಾನು ಅಕ್ಷರ ದೊಡ್ಡದು ಮಾಡಿದೆ. "ಕಾಣ್ತಿದೆಯಾ ಅಂತ ಕೇಳಲ್ಲ ಪಾಕ್. ಇಲ್ಲಿ ಯಾವ ಅಕ್ಷರ ಇದೆ?"

ಅವರು ಮುಖವನ್ನು ಗಾಜಿನ ಹತ್ತಿರಕ್ಕೆ ತಂದರು. ಗಂಟಲು ಸರಿಮಾಡಿಕೊಂಡರು. "ಬೊತೆನ್" ಎಂದರು.

ಇಲ್ಲ. ಆ ಮನುಷ್ಯನ ಬಾಯಲ್ಲಿ ನಾನು ಕೇಳಿದ ಮೊದಲ 'ಇಲ್ಲ'. ಬು ವಾರ್ಸಿ ಸೆರಗಿನಲ್ಲಿ ಮೂಗೊರೆಸಿಕೊಂಡರು. ನನಗೂ ಅಳು ಬಂತು, ಆದರೆ ಅಳುತ್ತ ಕೂತರೆ ಅಕ್ಷರ ದೊಡ್ಡದಾಗುವುದಿಲ್ಲವಲ್ಲ.

ಇನ್ನೂ ದೊಡ್ಡದು. ಬೊತೆನ್. ಇನ್ನೂ ದೊಡ್ಡದು. ಬೊತೆನ್. ಬಣ್ಣ ತಿರುಗಿಸಿ, ಕಪ್ಪಿನ ಮೇಲೆ ಹಳದಿ ಮಾಡಿದೆ. ಕೊನೆಗೆ ಇಡೀ ಪರದೆಯಲ್ಲಿ ಮೂರೇ ಅಕ್ಷರ ಹಿಡಿಯುವಷ್ಟಾದಾಗ ಅವರು ಒಂದೊಂದನ್ನೇ ಬಿಡಿಸಿ ಓದಿದರು. ಸರಿಯಾಗಿತ್ತು. ಆಮೇಲೆ ತಾವೇ ಪರದೆಯನ್ನು ಸರಿಸುತ್ತ ಸರಿಸುತ್ತ ಒಂದು ಸಾಲು ಮುಗಿಸಿದರು. ಅಷ್ಟರಲ್ಲಿ ಟೀ ಆರಿ ತಣ್ಣಗಾಗಿತ್ತು.

"ಬುಧವಾರಕ್ಕೆ ಎಷ್ಟು ಆಗತ್ತೆ ಪಾಕ್?" ನಾನು 'ಪುಟ ಆಗತ್ತಾ' ಎಂದು ಕೇಳಲಿಲ್ಲ.

ಅವರು ತುಂಬ ಹೊತ್ತು ಲೆಕ್ಕ ಹಾಕಿದರು. "ಪೂರ್ತಿ ಪುಟ ಆಗಲ್ಲ ಮ್ಬಾಕ್. ಅರ್ಧ ಆಗತ್ತೆ. ಅರ್ಧ ಖಂಡಿತ ಆಗತ್ತೆ."

ಸೋಮವಾರ ಹರ್ಲಂಬಾಂಗನ ಕಚೇರಿಗೆ ಹೋದೆ. ಅವನು ನಗುನಗುತ್ತ, "ಎಲ್ಲ ಸರಿಹೋಯ್ತು ತಾನೇ?" ಎಂದು ಕೇಳಿದ. ಇಂಗ್ಗಿಹ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾನೂ ಇದೇ ಊರಿನವಳಲ್ಲವೇ? ನುಂಗಿಕೊಂಡೆ.

"ಇಲ್ಲ ಮಾಸ್. ಕಂಪ್ಯೂಟರ್ ಸರಿಹೋಯ್ತು. ಪಾಕ್ ಮರ್ಗಿಗೆ ಕಣ್ಣು ಕಾಣಲ್ಲ. ಇಡೀ ಪುಟ ಅವರ ಕೈಲಿ ಆಗಲ್ಲ. ಅರ್ಧ ಪುಟ ಮಾಡ್ತಾರೆ, ಒಂದು ಮಟ್ಟೂ ತಪ್ಪದ ಹಾಗೆ. ಅರ್ಧ ಉಳಿಸಿ ಕೊಡಿ."

ಅವನ ನಗು ಮಾಯವಾಯಿತು. ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಕಿಟಕಿಯಾಚೆ ನೋಡಿದ. ಆಮೇಲೆ ತುಂಬ ಮರ್ಯಾದೆಯಿಂದ ತಲೆ ಬಾಗಿಸಿ ಹೇಳಿದ: "ಇಂಗ್ಗಿಹ್."

ಆ ಇಂಗ್ಗಿಹ್ ನಂಬಿ ಹೊರಡದೆ, ನಾನು ಕುರ್ಚಿ ಎಳೆದುಕೊಂಡು ಅವನೆದುರು ಕೂತೆ.

"ಮೇಲಿನರ್ಧವೋ ಕೆಳಗಿನರ್ಧವೋ ಮಾಸ್?"

ಅವನು ನನ್ನನ್ನೇ ದುರುಗುಟ್ಟಿ ನೋಡಿದ. ನಾನೂ ಕದಲಲಿಲ್ಲ.

"ಮೇಲಿನರ್ಧ" ಎಂದ ಕೊನೆಗೆ. "ರಾಶಿಫಲ ಕೆಳಗೆ ಹಾಕ್ತೀನಿ."