ಮೈಕಣ್ಣ ಹೇಳದೆ ಬಸ್ಸು ಹೊರಡುವುದಿಲ್ಲ

ಆ ಬಸ್ ನಿಲ್ದಾಣದಲ್ಲಿ ಒಂದು ಕಟ್ಟಳೆಯಿತ್ತು. ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುವ ಮೈಕಣ್ಣ ಬಾಯಿಬಿಟ್ಟು "ಹೊರಡಬಹುದು" ಅನ್ನುವ ತನಕ ಯಾವ ಡ್ರೈವರೂ ಗಾಡಿ ತೆಗೆಯುವಂತಿಲ್ಲ. ಒಮ್ಮೆ ಎರಡು ಬಸ್ಸು ಒಟ್ಟಿಗೆ ರಿವರ್ಸ್ ಬಂದು ಒಬ್ಬ ಅಜ್ಜಿಯ ಕಾಲು ನಜ್ಜುಗುಜ್ಜಾದ ಮೇಲೆ ಬಂದ ನಿಯಮ ಅದು. ಹಾಗಾಗಿ ದಿನಕ್ಕೆ ಇನ್ನೂರು ಬಸ್ಸು ಇವನೊಬ್ಬನ ಗಂಟಲು ಕಾಯುತ್ತಿದ್ದವು. ಗಂಟಲು ಎಲ್ಲರಿಗೂ ಗೊತ್ತು, ಇಡೀ ಮನುಷ್ಯ ಹೇಗಿದ್ದಾನೆ ಅಂತ ಪ್ರಯಾಣಿಕರಿಗೆ ಗೊತ್ತಿಲ್ಲ. ಗಾಜಿನ ಕೋಣೆಯಲ್ಲಿ, ಮೇಜಿನ ಹಿಂದೆ, ಎದೆಯಿಂದ ಮೇಲಷ್ಟೇ ಕಾಣುತ್ತಿದ್ದ.

ಕೆಳಗೆ ವೀಲ್‌ಚೇರ್ ಇದೆ ಅನ್ನುವುದು ಸಿಬ್ಬಂದಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಲಾರಿ ಗುದ್ದಿ ಬೆನ್ನುಮೂಳೆ ಮುರಿದಿತ್ತಲ್ಲ. ಆದರೆ ಹೊಕ್ಕುಳ ಕೆಳಗಿನ ತೂತಿನಿಂದ ಒಂದು ಪೈಪು ಹೊರಟು, ಪ್ಯಾಂಟಿನೊಳಗೆ ಇಳಿದು, ಕಾಲಿಗೆ ಕಟ್ಟಿದ ಚೀಲಕ್ಕೆ ಹಗಲೂ ರಾತ್ರಿ ಉಚ್ಚೆ ಸುರಿಸುತ್ತದೆ ಅನ್ನುವುದು ಅವನಿಗೆ, ಅವನ ಅಕ್ಕನಿಗೆ, ಡಾಕ್ಟರಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಡಾಕ್ಟರು ಅದನ್ನು ಕ್ಯಾಥೆಟರ್ ಅನ್ನುತ್ತಿದ್ದರು, ಅಕ್ಕ ಪೈಪು ಅನ್ನುತ್ತಿದ್ದಳು, ಮೈಕಣ್ಣ ಅದರ ಹೆಸರೇ ಎತ್ತುತ್ತಿರಲಿಲ್ಲ.

ಹೆಸರಿರಲಿ, ಕಣ್ಣೆತ್ತಿ ನೋಡುತ್ತಲೂ ಇರಲಿಲ್ಲ. ತಿಂಗಳಿಗೊಮ್ಮೆ ಅಕ್ಕ ಹಳೆಯದು ತೆಗೆದು ಹೊಸದು ಹಾಕುವಾಗ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. "ಲೋ ತಮ್ಮಾ, ಕೈಯಂತೂ ಚೆನ್ನಾಗಿದೆಯಲ್ಲ, ಕಲ್ತ್ಕೋ. ನಾನೇನು ಗೂಟ ಹೊಡ್ಕೊಂಡು ಇರ್ತೀನಾ?" ಅಂತ ಅಕ್ಕ ಬೈದರೆ, "ನೀನು ನೂರು ವರ್ಷ ಇರ್ತೀಯ ಬಿಡು" ಅಂತ ಮಾತು ಹಾರಿಸುತ್ತಿದ್ದ.

ಈ ಸಲ ಬದಲಾಯಿಸುವ ದಿನ ದಾಟಿ ಹನ್ನೆರಡು ದಿನವಾಗಿತ್ತು. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಹೊಸದು ಹಾಕಿದರೆ ಎರಡು ದಿನ ಸ್ವಲ್ಪ ರಕ್ತ ಒಸರುತ್ತದೆ, ಅದೆಲ್ಲ ಮುಗಿಯಲಿ ಅಂತ ತಾನೇ ಮುಂದೂಡಿದ್ದ. ಸಾಲದ್ದಕ್ಕೆ, ಚೀಲ ಉಬ್ಬಿ ಸಾಹೇಬರ ಕಣ್ಣಿಗೆ ಬಿದ್ದೀತು ಅಂತ ಹಿಂದಿನ ದಿನದಿಂದ ನೀರೇ ಕುಡಿದಿರಲಿಲ್ಲ. ಬುದ್ಧಿವಂತಿಕೆ ಅಂದರೆ ಇದಪ್ಪಾ! ಒಳಗೆ ಮರಳಿನಂಥ ಗಸಿ ನಿಂತು ಪೈಪು ಕಟ್ಟಿಕೊಂಡಿತು.

ತಪಾಸಣೆಯ ದಿನ ಬೆಳಿಗ್ಗೆ ಹತ್ತೂವರೆಗೆ ತಲೆ ಸಿಡಿಯತೊಡಗಿತು. ಎದೆಯಿಂದ ಕೆಳಗೆ ಅವನಿಗೆ ನೋವೂ ತಿಳಿಯದು, ಒತ್ತಡವೂ ತಿಳಿಯದು. ಕೆಳಗಿನ ಮೈ ಕಷ್ಟದಲ್ಲಿದ್ದರೆ ಮೇಲಿನ ಮೈ ಬೊಬ್ಬೆ ಹೊಡೆಯುತ್ತದೆ. ಮುಖ ಕೆಂಡವಾಯಿತು, ಹಣೆಯಿಂದ ಬೆವರು ಇಳಿದು ರಿಜಿಸ್ಟರ್ ಮೇಲೆ ಬಿತ್ತು. ಡಾಕ್ಟರು ಮೊದಲೇ ಹೇಳಿದ್ದರು: "ಹೀಗಾದರೆ ಕೂಡಲೇ ಪೈಪು ನೋಡು. ಅದನ್ನ ಬಿಡಿಸದಿದ್ರೆ ಬಿಪಿ ಏರಿ ತಲೆಯ ನರ ಒಡೆಯುತ್ತೆ. ಕಾಯೋ ಹಾಗಿಲ್ಲ." ಪ್ಯಾಂಟಿನ ಮೇಲಿಂದಲೇ ಚೀಲ ಮುಟ್ಟಿದ. ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ.

ಅಕ್ಕನಿಗೆ ನಾಲ್ಕು ಸಲ ಫೋನ್ ಮಾಡಿದ. ಅವಳ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿನ ತನಕ ಫೋನನ್ನು ಲಾಕರಿನಲ್ಲಿಡಬೇಕು. ಗೊತ್ತಿದ್ದೂ "ಎತ್ತೇ ಅಕ್ಕಾ, ಎತ್ತೇ" ಅಂತ ಅಂಗಲಾಚಿದ.

ಆಮೇಲೆ ಮೈಕಿನಲ್ಲಿ ನಿಲ್ದಾಣದ ಕಂಟ್ರೋಲರನ್ನು ಕರೆದ. ಸಾಹೇಬರ ಜೊತೆಗಿದ್ದ ಆತ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲೇ ನಿಂತ.

"ಏನೋ ಮೈಕಣ್ಣ, ಈಗಲೇ ನೆನಪಾಗ್ಬೇಕಿತ್ತಾ ನಾನು? ಅಯ್ಯೋ, ಮುಖ ಯಾಕೋ ಟೊಮೇಟೊ ಆಗಿದೆ?"

ಮಾತು ನಾಲಿಗೆ ತುದಿಗೆ ಬಂದಿತ್ತು.

"ತಲೆನೋವು... ಮಾತ್ರೆ ಇದ್ಯಾ?" ಅಂದುಬಿಟ್ಟ.

ಕಂಟ್ರೋಲರ್ ಜೇಬಿನಿಂದ ಒಂದು ಮಾತ್ರೆ ಕೊಟ್ಟು ಓಡಿದ. ಮೈಕಣ್ಣನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳೋಣ ಅನ್ನಿಸಿತು. ಪ್ರಾಣ ಹೋಗ್ತಿದೆ, ಮಾನ ಹಿಡ್ಕೊಂಡು ಕೂತಿದೀಯಲ್ಲೋ ಮುಠ್ಠಾಳ!

ಕುರ್ಚಿಯ ಬೆನ್ನಿಗೆ ಅಕ್ಕ ಯಾವತ್ತೂ ಒಂದು ಬಟ್ಟೆ ಚೀಲ ನೇತುಹಾಕಿರುತ್ತಿದ್ದಳು. ಅದನ್ನು ಮೇಜಿನ ಮೇಲೆ ಸುರಿದ. ಹೊಸ ಪೈಪು, ಸಿರಿಂಜು, ಗ್ಲೌಸು. ಯಾವ ತುದಿ ಎಲ್ಲಿಗೆ, ಮೊದಲು ಏನನ್ನು ಎಳೆಯಬೇಕು, ಒಂದೂ ಗೊತ್ತಿಲ್ಲ. ಕಣ್ಣು ಮಂಜಾಗಿ ಒಂದೊಂದೂ ಎರಡೆರಡಾಗಿ ಕಂಡಿತು. ಹೊರಗೆ ನಾಲ್ಕನೇ ಪ್ಲಾಟ್‌ಫಾರಂ ಬಸ್ಸು ಹೊತ್ತಾಯಿತು ಅಂತ ಹಾರ್ನ್ ಹೊಡೆಯಿತು. ಅಕ್ಕ ಸಂಜೆ ಬಂದಾಗ ತಾನು ಇರುವುದಿಲ್ಲ ಅನ್ನುವುದು ಅವನಿಗೆ ಖಚಿತವಾಯಿತು. ಮೈಕಿನ ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ," ಅಂದ, ಅಭ್ಯಾಸ ನೋಡಿ. "ನಾನು ಮೈಕಲ್ಲಿ ಮಾತಾಡೋನು. ನನಗೆ... ಹೊಟ್ಟೆಗೆ ಉಚ್ಚೆ ಪೈಪು ಹಾಕಿದಾರೆ. ಕಟ್ಕೊಂಡಿದೆ. ಬದಲಾಯಿಸೋಕೆ ಗೊತ್ತಿರೋರು ಯಾರಾದ್ರೂ ಇದ್ರೆ ಬನ್ನಿ. ಸಾಯ್ತಾ ಇದೀನಿ. ದಮ್ಮಯ್ಯ, ಬೇಗ ಬನ್ನಿ."

ಪ್ಲಾಟ್‌ಫಾರಂಗೊಂದರಂತೆ ಹದಿನಾರು ಸ್ಪೀಕರುಗಳಲ್ಲಿ ಅವನ ಗುಟ್ಟು ಮೊಳಗಿತು. ಗಾಜಿಗೆ ಮುಖಗಳು ಅಂಟಿಕೊಂಡವು. ಕಂಟ್ರೋಲರ್ ಓಡಿ ಬಂದು ಆಂಬುಲೆನ್ಸಿಗೆ ಫೋನ್ ಹಚ್ಚಿದ. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದ, ಐವತ್ತು ದಾಟಿದ ಒಬ್ಬ ನರ್ಸಮ್ಮ ನಾಲ್ಕನೇ ಪ್ಲಾಟ್‌ಫಾರಂ ಬಸ್ಸಿಂದಿಳಿದು ಜನರನ್ನು ನೂಕಿಕೊಂಡು ಬಂದಳು.

"ದಾರಿ ಬಿಡ್ರಿ, ಸಿನಿಮಾ ನಡೀತಿದ್ಯಾ ಇಲ್ಲಿ? ಎಷ್ಟು ದಿನ ಆಯ್ತಪ್ಪಾ ಹಾಕಿ?"

"ನಲವತ್ತೆರಡು."

"ನಿನ್ನ ತಲೆಗಿಷ್ಟು ಬೆಂಕಿ ಹಾಕ!"

ಗ್ಲೌಸು ತೊಟ್ಟು ಅಂಗಿ ಮೇಲೆತ್ತಿ, ಒಳಗಿನ ಬಲೂನಿನ ನೀರನ್ನು ಸಿರಿಂಜಿನಿಂದ ಎಳೆದು, ಹಳೆಯ ಪೈಪು ತೆಗೆದಳು. ಮೈಕಣ್ಣ ಗೋಡೆ ಕಡೆ ತಿರುಗಿದ.

"ಎಲ್ಲಿ ನೋಡ್ತಿದೀಯ? ಇಲ್ಲಿ ನೋಡು. ನನಗೇನು ಮೂರು ಕೈಯಿಲ್ಲ, ಅಂಗಿ ಹಿಡ್ಕೋ."

ನೋಡಿದ. ಅಂಗಿಯ ಗುಂಡಿ ತೂರುವಷ್ಟು ತೂತು. ಇಷ್ಟೇನಾ? ಇಷ್ಟಕ್ಕೆ ಸಾಯಲು ಹೊರಟಿದ್ದೆನಾ? ಹೊಸ ಪೈಪು ಒಳಗೆ ಸರಿದದ್ದೇ ತಡ, ಕಪ್ಪು ಟೀಯಂಥ ಉಚ್ಚೆ ಚಿಮ್ಮಿ ಅವನ ಪ್ಯಾಂಟು, ಅವಳ ಸೀರೆ, ನೆಲವೆಲ್ಲ ಒದ್ದೆಯಾಯಿತು.

"ಬಂತು... ಅಕ್ಕಾ, ಬಂತು ಕಣೇ..." ಅಂತ, ಎದುರಿಗಿಲ್ಲದ ಅಕ್ಕನನ್ನೇ ಕರೆಯುತ್ತಾ ಗಳಗಳ ಅತ್ತುಬಿಟ್ಟ.

ತಲೆಯ ಬಡಿತ ಮೆಲ್ಲಗೆ ಇಳಿಯಿತು. ಆಗಲೇ ಅವನು ಮೈಕಿನ ಕೆಂಪು ದೀಪ ನೋಡಿದ್ದು. ಉರಿಯುತ್ತಲೇ ಇತ್ತು. ಬೈಗುಳ, ಅಳು, ಒಂದೂ ಬಿಡದೆ ನಿಲ್ದಾಣಕ್ಕೆ ನಿಲ್ದಾಣವೇ ಕೇಳಿಸಿಕೊಂಡಿತ್ತು. ಗಾಜಿನಾಚೆ ಸಾಹೇಬರೂ ನಿಂತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನು ಆಸ್ಪತ್ರೆ ತನಕ ಬರ್ತೀನಿ," ಅಂದಳು ನರ್ಸಮ್ಮ, ಚೀಲ ಜೋಡಿಸುತ್ತಾ. "ಹೊರಗೆ ನೋಡು, ಒಂದು ಬಸ್ಸೂ ಅಲ್ಲಾಡಿಲ್ಲ."

ಹೌದು, ಹದಿನಾರೂ ಪ್ಲಾಟ್‌ಫಾರಂಗಳು ತುಂಬಿದ್ದವು. ಮೈಕಣ್ಣ ಹೇಳಿರಲಿಲ್ಲವಲ್ಲ. ಮೂಗೊರೆಸಿಕೊಂಡು, ಒಡೆದ ದನಿಯಲ್ಲಿ ಹೇಳಿದ: "ಪ್ಲಾಟ್‌ಫಾರಂ ನಾಲ್ಕು... ಹೊರಡಬಹುದು."

ಬಸ್ಸು ಹೊರಡಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ ಕೂಗಿದ:

"ಮೊದಲು ನೀನು ಹೊರಡಪ್ಪಾ ಮೈಕಣ್ಣಾ! ನಾವು ಆಮೇಲೆ."

ಆಂಬುಲೆನ್ಸ್ ಗೇಟು ದಾಟುವ ತನಕ ಒಂದು ಬಸ್ಸೂ ಕದಲಲಿಲ್ಲ. ನರ್ಸಮ್ಮ ಉಚ್ಚೆ ಚೀಲವನ್ನು ಎಲ್ಲರಿಗೂ ಕಾಣುವಂತೆ ಸ್ಟ್ರೆಚರಿನ ಪಕ್ಕಕ್ಕೆ ನೇತುಹಾಕಿದ್ದಳು. ಮೈಕಣ್ಣ ಅದನ್ನು ಮುಚ್ಚಲು ಕೈ ಚಾಚಲಿಲ್ಲ.